ಇಪ್ಪತ್ನಾಲ್ಕು ನಿಮಿಷ ಮೊದಲೇ ಮುಳುಗಿದ ಸೂರ್ಯ

ವಾದದಲ್ಲಿ ಸೋಲುವುದು ಹೇಗೆಂದು ನನಗೆ ಗೊತ್ತಿತ್ತು. ಎದ್ದು ನಿಂತು ಎದುರು ಪಕ್ಷದವರ ಕೈ ಕುಲುಕಬೇಕು, ನಗಬೇಕು, ಆಮೇಲೆ ಹೋಗಿ ಮುಖ ತೊಳೆದುಕೊಳ್ಳಬೇಕು. ಆದರೆ ಗೆದ್ದಾದ ಮೇಲೆ, ಸಭೆ ನಕ್ಕು ಮೇಜು ತಟ್ಟಿ ಚಹಾ ಕುಡಿದು ಮನೆಗೆ ಹೋದ ಮೇಲೆ, ತಪ್ಪು ನನ್ನದೇ ಎಂದು ನನಗೊಬ್ಬಳಿಗೇ ಗೊತ್ತಾದರೆ? ಆ ಪಾಠವನ್ನು ಶಾಲೆಯ ಡಿಬೇಟ್ ತಂಡದಲ್ಲಿ ಯಾರೂ ಮಾಡಿರಲಿಲ್ಲ. ಅಲ್ಲಿ ಕಲಿಸಿದ್ದು ಬೇರೆ: ನಿನ್ನ ಕಡೆಯ ತೂತನ್ನು ನೀನಾಗಿ ತೋರಿಸಬೇಡ, ಅದನ್ನು ಹುಡುಕುವುದು ಎದುರಾಳಿಯ ಕೆಲಸ.

ಆ ಡಿಸೆಂಬರಿನಲ್ಲಿ ಒಂದು ಶನಿವಾರದ ಸಂಜೆಯಿಂದ ಬುಧವಾರದವರೆಗೆ ನಾನು ಹೆದರಿದಷ್ಟು ಅದಕ್ಕೆ ಮೊದಲು ಯಾವತ್ತೂ ಹೆದರಿರಲಿಲ್ಲ. ದೆವ್ವ, ದೇವರು, ಪರೀಕ್ಷೆ, ಗ್ರಹಣದಲ್ಲಿ ಊಟ, ಯಾವುದಕ್ಕೂ ಹೆದರದವಳು ಎಂದು ಮನೆಯಲ್ಲಿ ಹೆಸರು ಮಾಡಿದ್ದೆ. ನನ್ನನ್ನು ಹೆದರಿಸಿದ್ದು ಒಂದು ಕಡತದ ಹದಿನಾಲ್ಕನೆಯ ಸಾಲು.

ಕೋಲ್ಕತ್ತದ ಸಾಫ್ಟ್‌ವೇರ್ ಕಂಪನಿಗಳ ಬಡಾವಣೆಯಾದ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು ಅವು. ನನ್ನ ಜೊತೆ ಓದಿದವರೆಲ್ಲ ಕೊರಳಿಗೆ ಗುರುತಿನ ಕಾರ್ಡು ನೇತುಹಾಕಿಕೊಂಡು ಆಫೀಸಿನ ಕ್ಯಾಬ್‌ನಲ್ಲಿ ಓಡಾಡುತ್ತಿದ್ದರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಗರದ ಒಂದು ಸಂಶೋಧನಾ ಸಂಸ್ಥೆ ಸೇರಿದ್ದೆ. ಬಾಲಿಗಂಜ್‌ನಲ್ಲಿ ಅಪ್ಪನ ಇಡ್ಲಿ-ದೋಸೆ ಹೋಟೆಲು, ಅದರ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಉಡುಪಿ ಕಡೆಯಿಂದ ಬಂದ ನೆಂಟರು ‘ಮಗಳು ಎಂತ ಮಾಡುದು?’ ಎಂದು ಕೇಳಿದರೆ ಅಪ್ಪ ‘ಕಂಪ್ಯೂಟರಲ್ಲಿ ಎಂತದೋ’ ಎಂದು ಮುಗಿಸುತ್ತಿದ್ದರು. ಸುಳ್ಳಂತೂ ಅಲ್ಲ. ಕಂಪ್ಯೂಟರಿನಲ್ಲಿ ನಾನು ರಾತ್ರಿಯ ಆಕಾಶದ ಲೆಕ್ಕ ಹಾಕುತ್ತಿದ್ದೆ.

ರಾತ್ರಿಯ ಆಕಾಶ ಪೂರ್ತಿ ಕಪ್ಪಲ್ಲ. ಎಂಬತ್ತು ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ತಾನೇ ಮಂದವಾಗಿ ಹೊಳೆಯುತ್ತದೆ. ಅದಕ್ಕೆ ಏರ್‌ಗ್ಲೋ ಎನ್ನುತ್ತಾರೆ. ಅದರ ಹೆಚ್ಚಿನ ಪಾಲು ಅವಕೆಂಪು, ಅಂದರೆ ಕೆಂಪಿಗೂ ಆಚೆಯದು, ಕಣ್ಣಿಗೆ ಕಾಣದ್ದು. ಅದರಲ್ಲಿ ಒಂದು ಬಗೆಯನ್ನು ನಮ್ಮ ಪ್ರಯೋಗಾಲಯ ಹಿಂಬಾಲಿಸುತ್ತಿತ್ತು. ಹಗಲಿನಲ್ಲಿ ಬಿಸಿಲು ಓಝೋನನ್ನು ಒಡೆಯುತ್ತದೆ. ಒಡೆದಾಗ ಹೊರಬಿದ್ದ ಆಮ್ಲಜನಕ ಕೆರಳಿದ ಸ್ಥಿತಿಯಲ್ಲೇ ಇರುತ್ತದೆ, ಶಾಂತವಾಗುವಾಗ ಈ ಬೆಳಕನ್ನು ಬಿಡುತ್ತದೆ. ಆದರೆ ಅದು ಜಗಳಗಂಟರ ಜಾತಿ. ಶಾಂತವಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಸೂರ್ಯ ಹೋದ ಮೇಲೂ ಆಕಾಶ ಹಗಲಿನ ಕಾವನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತಾ ನಿಮಿಷ ನಿಮಿಷಕ್ಕೂ ಮಂಕಾಗುತ್ತಾ ಹೋಗುತ್ತದೆ. ಯಾವ ಗಳಿಗೆಗೆ ಎಷ್ಟು ಮಂಕಾಗಿರಬೇಕು ಎಂದು ಹೇಳುವುದು ನನ್ನ ಕಂಪ್ಯೂಟರ್ ಮಾದರಿಯ ಕೆಲಸ.

ನಿಜವಾಗಿ ಎಷ್ಟು ಮಂಕಾಯಿತು ಎಂದು ಅಳೆಯುತ್ತಿದ್ದವರು ನನಗಿಂತ ಮೂರು ವರ್ಷ ಹಿರಿಯರಾದ ಒಬ್ಬ ಬಂಗಾಳಿ ಸಂಶೋಧಕರು. ನಾನು ಅವರನ್ನು ಅಲ್ಲಿಯ ರೂಢಿಯಂತೆ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದೆ, ಅವರು ನನ್ನನ್ನು ಬ್ಯಾರಿಸ್ಟರ್ ಎನ್ನುತ್ತಿದ್ದರು. ನಗರದ ದೀಪಗಳ ನಡುವೆ ಈ ಅಳತೆ ಆಗದು. ಅವರು ತಮ್ಮ ಅಳೆಯುವ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಿಯಾಲ್ದಾದಲ್ಲಿ ಮಧ್ಯಾಹ್ನದ ಲೋಕಲ್ ರೈಲು ಹತ್ತಿ, ದಕ್ಷಿಣದಲ್ಲಿ ಸಮುದ್ರದ ಕಡೆಯ ಒಂದು ಹಳ್ಳಿ ಶಾಲೆಯ ತಾರಸಿಗೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತವರು ‘ಯಾವ ಮೀನು, ದಾದಾ?’ ಎಂದು ಕೇಳಿದರೆ ‘ಇನ್ನೂ ಸಿಕ್ಕಿಲ್ಲ’ ಎನ್ನುತ್ತಿದ್ದರಂತೆ. ಎರಡು ಚಳಿಗಾಲ ಹೀಗೆ ಹೋಗಿಬಂದಿದ್ದರು. ನಾನು ಆ ತಾರಸಿಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವ ಅಗತ್ಯವಿದೆ ಎಂದೂ ಅನಿಸಿರಲಿಲ್ಲ.

ನವೆಂಬರ್ ಕೊನೆಯ ಒಂದು ಗುರುವಾರ ಸಂಸ್ಥೆಯ ಸಭಾಂಗಣದಲ್ಲಿ ಅವರ ಭಾಷಣವಿತ್ತು. ನನ್ನ ಲೆಕ್ಕ ಒಂದು ಗೆರೆ, ಅವರ ಅಳತೆ ಚುಕ್ಕೆಗಳು. ರಾತ್ರಿ ಬಹಳ ಹೊತ್ತಾದ ಮೇಲೆ ಎರಡೂ ಕೂಡಿಕೊಳ್ಳುತ್ತಿದ್ದವು. ಆದರೆ ಕತ್ತಲಾದ ಮೊದಲ ಎರಡು ಗಂಟೆ ಅವರ ಚುಕ್ಕೆಗಳು ನನ್ನ ಗೆರೆಗಿಂತ ಹೆಚ್ಚುಕಡಿಮೆ ಕಾಲು ಭಾಗ ಕೆಳಗೆ ಬಿದ್ದಿದ್ದವು. ನಾವು ಮಾತಾಡಿಕೊಳ್ಳುತ್ತಿದ್ದುದು ಇಂಗ್ಲಿಷ್, ಹಿಂದಿ, ಬಂಗಾಳಿ ಮೂರನ್ನೂ ಕಲಸಿದ ಭಾಷೆಯಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ನಾನು ಕೈ ಎತ್ತಿದೆ. “ದಾದಾ, ಪೆಟ್ಟಿಗೆಯೊಳಗಿನ ಸೆನ್ಸರ್ ಸರಿಯಾಗಿ ತಣ್ಣಗಾಗದಿದ್ದರೆ ಬೆಳಕನ್ನು ಕಡಿಮೆ ತೋರಿಸುತ್ತದೆ. ಹೌದೋ, ಅಲ್ಲವೋ?”

“ಹೌದು. ಅದಕ್ಕೇ ನಾನು ನಾಲ್ಕು ಗಂಟೆಗೇ ಕೂಲರ್ ಹಾಕಿಬಿಡ್ತೀನಿ.”

“ಯಾರು ನೋಡಿದ್ದಾರೆ?”

“ನಾನು ನೋಡಿದ್ದೀನಿ. ಇನ್ಯಾರಿರ್ತಾರೆ ಅಲ್ಲಿ, ಕಾಗೆಗಳು?”

ಜನ ನಕ್ಕರು. ಅದು ನನಗೆ ಇಷ್ಟವಾಗಲಿಲ್ಲ. “ಲಾಗ್‌ಬುಕ್‌ನಲ್ಲಿ ಪ್ರತಿ ದಿನವೂ ಬರೆದಿದೆಯೇ?”

ಅವರು ಪುಟ ತಿರುಗಿಸಿದರು. ಕೆಳಗಿನ ಸಾಲಿನಲ್ಲಿ ಕೂತಿದ್ದ ನಮ್ಮ ಮಾರ್ಗದರ್ಶಕಿಯೂ ಕತ್ತು ಚಾಚಿ ನೋಡಿದರು. ಅವರನ್ನು ನಾವೆಲ್ಲ ಮ್ಯಾಡಮ್ ಎಂದಷ್ಟೇ ಕರೆಯುತ್ತಿದ್ದೆವು. “ಮೂರು ದಿನ ಬರೆದಿಲ್ಲ,” ಎಂದರು ದಾದಾ. “ಬರೆದಿಲ್ಲ ಅಂದರೆ ಹಾಕಿಲ್ಲ ಅಂತಲ್ಲ.”

“ಹಾಕಿದ್ದೀರಿ ಅಂತಲೂ ಅಲ್ಲ. ಕ್ಷಮಿಸಿ ದಾದಾ, ಇದು ಆಕಾಶದ ಕಥೆಯಲ್ಲ, ಫ್ರಿಜ್ಜಿನ ಕಥೆ.”

ಸಭೆ ಗೊಳ್ಳೆಂದಿತು. ನನ್ನ ಹಿಂದೆ ಯಾರೋ ಬೆಂಚು ಬಡಿದರು. ದಾದಾ ಕೂಡ ನಗಲು ನೋಡಿದರು. ತುಟಿ ಅರ್ಧಕ್ಕೆ ಬಂದು ನಿಂತಿತು.

ಆ ವಾಕ್ಯ ಅವರ ಬೆನ್ನು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ‘ಫ್ರಿಜ್ ಹೇಗಿದೆ?’ ಎಂದು ಕೇಳುವವರು ಹುಟ್ಟಿಕೊಂಡರು. ಮೊದಲ ಎರಡು ಗಂಟೆಗಳ ಅಳತೆಯನ್ನು ಸದ್ಯಕ್ಕೆ ಬದಿಗಿಡು ಎಂದರು ಮ್ಯಾಡಮ್. ಆ ಎರಡು ಗಂಟೆ ತೆಗೆದರೆ ಅವರ ಥೀಸಿಸ್‌ನಲ್ಲಿ ಉಳಿಯುವುದು ಪೀಠಿಕೆ ಮತ್ತು ಕೃತಜ್ಞತೆ. ಅವರ ಫೆಲೋಶಿಪ್ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಇನ್ನೊಂದು ವರ್ಷ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಡಿಸೆಂಬರ್ ನಡುವಿನ ಒಂದು ಬುಧವಾರ ಸೇರಲಿತ್ತು. ಕಾದು ಕೂರದೆ ದಾದಾ ಸೆಕ್ಟರ್ ಫೈವ್‌ನ ಒಂದು ಕಂಪನಿಯ ಪರೀಕ್ಷೆ ಬರೆದರು, ಪಾಸಾದರು. ‘ಸೋಮವಾರ ಹನ್ನೊಂದಕ್ಕೆ ಹೋಗಿ ಒಪ್ಪಿಗೆ ಪತ್ರ ಕೊಟ್ಟು ಬರ್ತೀನಿ. ಬುಧವಾರ ಸಮಿತಿಗೆ ನಮಸ್ಕಾರ ಹೇಳಿದರಾಯ್ತು,’ ಎಂದು ಪ್ರಯೋಗಾಲಯದಲ್ಲಿ ಎಲ್ಲರೆದುರು ಹೇಳಿದರು. ನನಗೆ ಕೊಂಚ ಬೇಸರವಾಯಿತು, ಹೌದು. ಆದರೆ ಡೇಟಾ ಕೆಟ್ಟಿದ್ದರೆ ಕೆಟ್ಟಿದೆ. ಅದಕ್ಕೆ ನಾನೇನು ಮಾಡಲಿ ಎಂದುಕೊಂಡೆ. ಹೀಗೆಂದುಕೊಳ್ಳುವುದು ಬಹಳ ಸುಲಭವಾಗಿತ್ತು.

ಆ ಸೋಮವಾರಕ್ಕೆ ಮೊದಲಿನ ಶನಿವಾರ. ಐದು ಗಂಟೆಗೇ ಕತ್ತಲಾಗಿತ್ತು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಉಡುಪಿ ಕಡೆಯಿಂದ ದೊಡ್ಡಮ್ಮ, ಅಮ್ಮನ ಅಕ್ಕ. ನಾನೇ ಎತ್ತಿದೆ.

“ಅಮ್ಮ ಎಲ್ಲಿದ್ದಾಳೆ ಮಗಾ?”

“ದೀಪ ಇಡ್ತಾ ಇದ್ದಾರೆ ದೊಡ್ಡಮ್ಮ.”

“ಈಗ್ಲೇ ದೀಪವಾ? ನಿಮ್ಮ ಊರೆಂತ ಮಾರಾಯ್ತಿ! ಇಲ್ಲಿ ಅಂಗಳದಲ್ಲಿ ಹಪ್ಪಳ ಒಣಗ್ತಾ ಉಂಟು. ಬಿಸಿಲು ಕಣ್ಣಿಗೆ ಹೊಡೀತದೆ, ನೋಡು, ಸೆರಗು ಅಡ್ಡ ಹಿಡಿದು ಮಾತಾಡುದು ನಾನು.”

ನನಗೆ ಉಪನ್ಯಾಸದ ಹುಮ್ಮಸ್ಸು ಬಂತು. ಅಜ್ಞಾನ ಕಂಡಲ್ಲಿ ನನಗೆ ಅದು ಬರುತ್ತಿತ್ತು. “ದೊಡ್ಡಮ್ಮ, ಅದರಲ್ಲಿ ಆಶ್ಚರ್ಯ ಎಂತದ್ದು? ಭೂಮಿ ತಿರುಗ್ತದಲ್ಲ. ಒಂದು ಡಿಗ್ರಿ ಪೂರ್ವಕ್ಕೆ ಹೋದ್ರೆ ಸೂರ್ಯ ನಾಲ್ಕು ನಿಮಿಷ ಮೊದಲು ಮುಳುಗ್ತಾನೆ. ನಾವು ನಿಮಗಿಂತ ಹದಿಮೂರು ಡಿಗ್ರಿ ಮೇಲೆ ಪೂರ್ವ. ಆದ್ರೆ ಇಬ್ಬರ ಮನೆ ಗಡಿಯಾರವೂ ಒಂದೇ. ಆ ಗಡಿಯಾರ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಎಂಬತ್ತೆರಡೂವರೆ ಡಿಗ್ರಿಯದ್ದು. ಅದಕ್ಕೇ ನಮಗೆ ಸೂರ್ಯ ಗಡಿಯಾರಕ್ಕಿಂತ ಮೊದಲೇ…”

ಅಲ್ಲಿಗೆ ನನಗೆ ಹದಿನಾಲ್ಕನೆಯ ಸಾಲು ನೆನಪಾಯಿತು.

“ಹಲೋ? ಹಲೋ? ಲೈನ್ ಹೋಯ್ತಾ? ಇದೊಂದು ಫೋನು…”

ಅಮ್ಮ ಬಂದು ರಿಸೀವರ್ ಕಸಿದುಕೊಂಡರು. ನಾನು ಗೋಡೆಗೆ ಒರಗಿ ನಿಂತೆ.

ನನ್ನ ಮಾದರಿಯ ಪ್ರೋಗ್ರಾಮ್ ಓಡಬೇಕಾದರೆ ಅದಕ್ಕೊಂದು ಚಿಕ್ಕ ಕಡತ ಬೇಕು. ಎಷ್ಟು ಎತ್ತರ, ಯಾವ ತಿಂಗಳು, ಎಷ್ಟು ಓಝೋನ್, ಹೀಗೆ ಮೂವತ್ತು ಚಿಲ್ಲರೆ ಸಾಲು. ಅದನ್ನು ಇನ್‌ಪುಟ್ ಫೈಲ್ ಎನ್ನುತ್ತಾರೆ. ಹದಿನಾಲ್ಕನೆಯ ಸಾಲು ಕೇಳುವುದು ಅಳತೆ ನಡೆಯುವ ಜಾಗದ ರೇಖಾಂಶವನ್ನು, ಅಲ್ಲಿ ಸೂರ್ಯ ಮುಳುಗುವ ಹೊತ್ತನ್ನು ಲೆಕ್ಕ ಹಾಕಲು. ಆರು ತಿಂಗಳ ಹಿಂದೆ ಅದನ್ನು ತುಂಬುವಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಭಾರತದ ಸಮಯ, ಭಾರತದ ರೇಖಾಂಶ, ಎಂಬತ್ತೆರಡೂವರೆ! ಶಾಲೆಯ ಕ್ವಿಜ್‌ನಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಬಜರ್ ಒತ್ತಿ ಹೇಳಿ ಅಂಕ ಗೆದ್ದಿದ್ದ ಉತ್ತರ ಅದು. ಬೆರಳು ತಾನಾಗಿ ಒತ್ತಿತ್ತು. ಕೋಲ್ಕತ್ತವೂ ಅದರ ದಕ್ಷಿಣಕ್ಕಿರುವ ಆ ತಾರಸಿಯೂ ಇರುವುದು ಎಂಬತ್ತೆಂಟು ದಾಟಿ. ವ್ಯತ್ಯಾಸ ಆರು ಡಿಗ್ರಿಗೆ ಚೂರು ಕಡಿಮೆ, ಅಂದರೆ ಇಪ್ಪತ್ನಾಲ್ಕು ನಿಮಿಷ. ನನ್ನ ಮಾದರಿಯಲ್ಲಿ ಸೂರ್ಯ ಮುಳುಗುವ ಇಪ್ಪತ್ನಾಲ್ಕು ನಿಮಿಷ ಮೊದಲೇ ದಾದಾನ ತಾರಸಿಯ ಮೇಲೆ ಸೂರ್ಯ ಮುಳುಗಿ ಹೋಗಿದ್ದ. ಅಷ್ಟು ಹೊತ್ತಿನಲ್ಲಿ ಆ ಬೆಳಕು ಎಷ್ಟು ಇಳಿಯುತ್ತದೆ? ಅದನ್ನು ಬಾಯಲ್ಲೇ ಲೆಕ್ಕ ಹಾಕಬಲ್ಲವಳು ನಾನು.

ಕಾಲು ಭಾಗ.

ಇಷ್ಟು ದಿನ ಯಾರಿಗೂ ಯಾಕೆ ಕಾಣಲಿಲ್ಲ ಎಂದು ಕೇಳಬಹುದು. ಎಲ್ಲರೂ ಗ್ರಾಫ್ ನೋಡುತ್ತಾರೆ. ಇನ್‌ಪುಟ್ ಫೈಲ್ ಒಳ ಉಡುಪಿದ್ದ ಹಾಗೆ. ಇನ್ನೊಬ್ಬರದನ್ನು ತೋರಿಸು ಎಂದು ಮರ್ಯಾದಸ್ಥರು ಕೇಳುವುದಿಲ್ಲ. ನಮ್ಮ ಪ್ರಯೋಗಾಲಯದ ರೂಢಿಯೇ ಹಾಗಿತ್ತು.

ಭಾನುವಾರ ಬೆಳಗ್ಗೆ ಸಂಸ್ಥೆಗೆ ಹೋದೆ. ಕಾವಲುಗಾರ ರಿಜಿಸ್ಟರ್ ಮುಂದಿಟ್ಟ. ‘ಉದ್ದೇಶ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ ‘ಕೆಲಸ’ ಎಂದು ಬರೆದೆ. ಕಡತ ತೆರೆದು ಒಂದು ಸಂಖ್ಯೆ ಬದಲಿಸಿ ಓಡಿಸಿದೆ. ಮುಗಿಯಲು ಮುಕ್ಕಾಲು ಗಂಟೆ ಬೇಕಿತ್ತು. ನಾನು ತಪ್ಪಾಗಿರಲಿ, ಅಂದರೆ ತಪ್ಪು ಹುಡುಕಿದ್ದೇ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಾ ಕೂತೆ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ನಂಬದವರಿಗೆ ಅದೊಂದು ಕಷ್ಟ. ಗೆರೆ ಪರದೆಯ ಮೇಲೆ ಮೂಡಿತು. ದಾದಾನ ಚುಕ್ಕೆಗಳ ನಡುವಿನಿಂದಲೇ, ದಾರ ಪೋಣಿಸಿದ ಹಾಗೆ, ಹಾದುಹೋಯಿತು. ಎರಡು ಚಳಿಗಾಲದ ಪ್ರತಿಯೊಂದು ಸಂಜೆಯೂ. ಲಾಗ್‌ಬುಕ್‌ನಲ್ಲಿ ಬರೆಯದ ಆ ಮೂರು ದಿನಗಳು ಕೂಡ.

ಎಂಟು ಗಂಟೆಯ ಆಸುಪಾಸಿನಲ್ಲಿ ಮಾತ್ರ ಕೆಲವು ದಿನ ಅವರ ಚುಕ್ಕೆಗಳಲ್ಲಿ ಒಂದು ಸಣ್ಣ ಉಬ್ಬಿತ್ತು. ಮೊದಲು ನನ್ನ ತಪ್ಪಿನ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು. ಆ ಹೊತ್ತಿಗೆ ಅದರ ಕಡೆ ಗಮನ ಹರಿಯಲಿಲ್ಲ.

ಬೇರೆ ಯಾವ ದಿನವಾದರೂ ಮಾದರಿ ಇಷ್ಟು ಚೆನ್ನಾಗಿ ಹೊಂದಿದ್ದಕ್ಕೆ ನಾನು ಕುಣಿಯುತ್ತಿದ್ದೆ. ಅವತ್ತು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದೆ. ಯಾರಿಗೆ ಹೆದರಿ? ಇಡೀ ಮಹಡಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ನನ್ನ ತಲೆ ತಾನು ಕಲಿತ ವಿದ್ಯೆಯನ್ನು ತೋರಿಸತೊಡಗಿತು. ಒಂದು ಪಕ್ಷ: ಸಂಖ್ಯೆ ಬದಲಿಸಿ ಸುಮ್ಮನಿರು; ಆರು ತಿಂಗಳ ನಂತರ ‘ಸುಧಾರಿತ ಮಾದರಿ’ ಎಂದು ತೋರಿಸಿದರೆ ಹೊಗಳುತ್ತಾರೆ. ಇನ್ನೊಂದು: ತನ್ನ ಡೇಟಾದ ಮೇಲೆ ನಂಬಿಕೆಯಿದ್ದವರು ಇನ್‌ಪುಟ್ ಫೈಲ್ ತೋರಿಸು ಎಂದು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ಅರ್ಧ ಅವರದ್ದು. ಮತ್ತೊಂದು: ಮ್ಯಾಡಮ್ ನೋಡಿ ಒಪ್ಪಿದ ಗ್ರಾಫ್ ಅದು. ಒಂದೊಂದನ್ನೂ ಎತ್ತಿ ನಿಲ್ಲಿಸಿದೆ, ಒಂದೊಂದನ್ನೂ ನಾನೇ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಬರೀ ಹೆದರಿಕೆ, ಅದಕ್ಕೆ ಪ್ರತಿವಾದ ಇರಲಿಲ್ಲ. ಹೇಳಿದರೆ ಇನ್ನು ನನ್ನ ಮಾತನ್ನು ಯಾರು ನಂಬುತ್ತಾರೆ? ನನ್ನ ಬಳಿ ಇದ್ದದ್ದೇ ಮಾತು. ಚೆಲುವಿಲ್ಲ, ಹಾಡು ಬರುವುದಿಲ್ಲ, ದೋಸೆ ಹುಯ್ದರೆ ಹರಿಯುತ್ತದೆ.

ಮಧ್ಯಾಹ್ನ ಹೋಟೆಲಿನ ಗಲಾಟೆ ಇಳಿದ ಮೇಲೆ ಅಪ್ಪ ಅಮ್ಮನ ಹತ್ತಿರ ಹೇಳಿದೆ.

ಅಮ್ಮ ಪೂರ್ತಿ ಕೇಳಲೂ ಇಲ್ಲ. “ಹೇಳ್ಲಿಕ್ಕೆ ಹೋಗ್ಬೇಡ. ಯಾರಿಗೂ ಗೊತ್ತಿಲ್ಲ ಅಲ್ವಾ? ನಿನ್ನನ್ನೇ ತೆಗೆದುಹಾಕಿದ್ರೆ ಎಂತ ಮಾಡುದು?”

“ಒಂದು ನಂಬ್ರ ಅಲ್ವಾ,” ಎಂದರು ಅಪ್ಪ, ಹೆಗಲ ಬೈರಾಸಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ. “ಅಲ್ಲದೆ ಆ ಹುಡುಗನಿಗೆ ನಷ್ಟ ಎಂತ ಆಗಿದೆ ಹೇಳು? ಸೆಕ್ಟರ್ ಫೈವ್‌ನಲ್ಲಿ ಕೆಲಸ ಸಿಕ್ಕಿದೆ. ಕಾರು ಮನೆ ಬಾಗಿಲಿಗೆ ಬರ್ತದೆ. ಶಾಲೆ ಮಾಡಿನ ಮೇಲೆ ಚಳಿಯಲ್ಲಿ ಕೂರುದು ತಪ್ಪಿತು. ನೀನು ಅವನಿಗೆ ಉಪಕಾರವೇ ಮಾಡಿದ್ದು.”

ನಿಜ ಹೇಳುತ್ತೇನೆ, ಬೆಳಗ್ಗೆಯಿಂದ ಯಾರಾದರೂ ಈ ಮಾತು ಹೇಳಲಿ ಎಂದೇ ನಾನು ಕಾಯುತ್ತಿದ್ದೆ. ನಾನಾಗಿ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಬೇರೆ ಬಾಯಿಂದ ಕೇಳಿದಾಗ, ಹಾಳಾದ ತೆಂಗಿನಕಾಯಿ ಒಡೆದ ಹಾಗೆ, ಅದರ ವಾಸನೆ ಹೊಡೆಯಿತು.

“ಅವರಿಗೆ ಉಪಕಾರ ಬೇಕಿತ್ತಾ ಅಂತ ನಾನು ಕೇಳ್ಲಿಲ್ಲ ಅಪ್ಪ.”

“ಹಾಗಾದ್ರೆ ಕೇಳು. ನಮ್ಮ ಹತ್ರ ಯಾಕೆ ಕೇಳ್ತಿ?”

ಅಪ್ಪ ಸಿಟ್ಟಿನಲ್ಲಿ ಹೇಳಿದ್ದು. ನಾನು ರಾತ್ರಿಯಿಡೀ ಹೊರಳಾಡಿದೆ. ಬಾಲಿಗಂಜ್ ದಾಟುವ ಮೊದಲ ಲೋಕಲಿನ ಸದ್ದು ಕೇಳಿದ ಮೇಲೆ ಎದ್ದು ಕೂತೆ.

ಸೋಮವಾರ ಹತ್ತೂವರೆಗೆ ಸೆಕ್ಟರ್ ಫೈವ್‌ನಲ್ಲಿ ಬಸ್ಸಿಳಿದೆ. ಆ ಕಂಪನಿಯ ಗೇಟಿನ ಎದುರು ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಗಾಜಿನ ಗೋಡೆಯಲ್ಲಿ ನನ್ನ ಆಕಾರವೇ ಕಾಣುತ್ತಿತ್ತು, ಚೀಲ ಎದೆಗವುಚಿಕೊಂಡಿದ್ದೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ದಾದಾ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಬೂಟು, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು. ಬೂಟು ಕಚ್ಚುತ್ತಿತ್ತೋ ಏನೋ, ಕುಂಟುತ್ತಿದ್ದರು.

“ಅರೇ, ಬ್ಯಾರಿಸ್ಟರ್! ಇಲ್ಲಿ ಯಾರ ಮೇಲೆ ಕೇಸು?”

ಅಭ್ಯಾಸ ಮಾಡಿಕೊಂಡು ಬಂದಿದ್ದ ಪೀಠಿಕೆಯನ್ನು ಬಿಟ್ಟೆ. “ದಾದಾ, ನಿಮ್ಮ ಡೇಟಾ ಸರಿಯಿದೆ. ನನ್ನ ರೇಖಾಂಶ ತಪ್ಪು.”

ಅವರು ನಗುಮುಖದಲ್ಲೇ ನಿಂತಿದ್ದರು. “ಎಷ್ಟು ಹಾಕಿದ್ದೆ?”

“ಎಂಬತ್ತೆರಡೂವರೆ.”

ಅವರ ತುಟಿ ಅಲುಗಿತು. ನನ್ನ ಹಾಗೆ ಅವರೂ ಬಾಯಲ್ಲೇ ಗುಣಿಸುತ್ತಿದ್ದರು. ಮುಗಿದದ್ದು ಮುಖದಲ್ಲಿ ಗೊತ್ತಾಯಿತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಚಹಾದವನು ಕೇಳದೆಯೇ ಎರಡು ಮಣ್ಣಿನ ಲೋಟ ತಂದಿಟ್ಟ. ಇಬ್ಬರೂ ಮುಟ್ಟಲಿಲ್ಲ.

“ಎರಡು ವಾರ ನಾನು ಆ ಪೆಟ್ಟಿಗೆ ಬಿಚ್ಚಿ ಬಿಚ್ಚಿ ಜೋಡಿಸಿದೆ, ಗೊತ್ತಾ?” ಎಂದರು. ದನಿ ಏರಲೇ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. “ಕೂಲರ್ ಸರಿಯಿತ್ತು. ಹಾಗಾದರೆ ನಾನೇ ಸ್ವಿಚ್ ಹಾಕಿರಲಿಲ್ಲ ಅಂದುಕೊಂಡೆ. ನಾಲ್ಕು ಗಂಟೆಗೆ ಸ್ವಿಚ್ ಒತ್ತಿದ್ದು ನನಗೆ ನೆನಪಿದೆ, ಬೆರಳಿಗೆ ನೆನಪಿದೆ. ಆದರೂ, ಅಷ್ಟು ಜನ ನಕ್ಕರಲ್ಲ, ನೆನಪೇ ಸುಳ್ಳಿರಬೇಕು ಅನ್ನಿಸಿತು. ಹೋದ ಶುಕ್ರವಾರ ಮ್ಯಾಡಮ್‌ಗೆ ಬರೆದುಕೊಟ್ಟೆ: ಕೆಲವು ದಿನ ಕೂಲರ್ ತಡವಾಗಿ ಹಾಕಿರಬಹುದು. ಸಹಿ ಮಾಡಿ ಕೊಟ್ಟೆ, ಬ್ಯಾರಿಸ್ಟರ್. ಮಾಡದ ತಪ್ಪಿಗೆ.”

ಕ್ಷಮಿಸಿ ಎಂದೆ. ಆ ಮಾತು ರಸ್ತೆಯ ಕ್ಯಾಬುಗಳ ಹಾರನ್ನಿನಲ್ಲಿ ಎಲ್ಲೋ ಬಿತ್ತು.

ಅವರು ಫೋಲ್ಡರನ್ನು ತೊಡೆಯ ಮೇಲೆ ಆಚೀಚೆ ತಿರುಗಿಸಿದರು. “ಇದನ್ನು ಕೊಡೋದಕ್ಕೆ ಬುಧವಾರ ಸಂಜೆವರೆಗೆ ಟೈಮ್ ಕೇಳ್ತೀನಿ. ನೀನು ಬುಧವಾರ ಹೇಳಬೇಕು. ಮ್ಯಾಡಮ್ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಅಲ್ಲ. ಅದೇ ಹಾಲ್, ಅದೇ ಜನ. ಹೇಳ್ತೀಯಾ?”

ಹೂಂ ಎಂದೆ.

ಮರುದಿನ ಮ್ಯಾಡಮ್‌ಗೆ ಮೊದಲೇ ತಿಳಿಸಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, “ನಾನೂ ಕೇಳಬೇಕಿತ್ತು,” ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಬುಧವಾರ ಅದೇ ಸಭಾಂಗಣದಲ್ಲಿ, ಎಲ್ಲರೂ ಬಂದು ಕೂರಬಹುದಾದ ಸಭೆಯಲ್ಲಿ, ಸಮಿತಿಯ ಎದುರು ಮೊದಲು ದಾದಾ ಮಾತಾಡಬೇಕಿತ್ತು; ತಮ್ಮ ಹೊತ್ತಿನಲ್ಲಿ ಅವರು ನನ್ನನ್ನು ಕರೆದರು. ಅದೇ ಜನ. ಫ್ರಿಜ್ಜಿನ ಮಾತಿಗೆ ಬೆಂಚು ಬಡಿದವರೂ ಇದ್ದರು. ವೇದಿಕೆಗೆ ನಾಲ್ಕು ಮೆಟ್ಟಿಲು. ನೂರಾರು ಸಲ ಇಂಥ ಮೆಟ್ಟಿಲು ಹತ್ತಿದವಳು ಅವತ್ತು ಒಂದೊಂದನ್ನೂ ನೋಡಿಕೊಂಡು ಹತ್ತಿದೆ. ಹಾಳೆಯನ್ನು ಮೇಜಿನ ಮೇಲಿಟ್ಟೆ. “ವಿಜ್ಞಾನದ ಸೊಗಸು ಎಂದರೆ ಅದು ತನ್ನನ್ನು ತಾನೇ…” ಎಂದು ಶುರು ಮಾಡಿದೆ.

“ಸೊಗಸು ಆಮೇಲೆ,” ಎಂದರು ದಾದಾ, ಮುಂದಿನ ಸಾಲಿನಿಂದ. “ಸಂಖ್ಯೆ ಹೇಳು.”

ಹೇಳಿದೆ. ಎಷ್ಟು ಹಾಕಿದ್ದೆ, ಎಷ್ಟು ಹಾಕಬೇಕಿತ್ತು, ಎಷ್ಟು ನಿಮಿಷ, ಎಷ್ಟು ಭಾಗ. ಹಳೆಯ ಗೆರೆ, ಹೊಸ ಗೆರೆ. ಹಾಲ್‌ನಲ್ಲಿ ಯಾರೂ ನಗಲಿಲ್ಲ.

ದಾದಾ ಎದ್ದು ನಿಂತರು. “ಕೂಲರ್ ತಡವಾಗಿ ಹಾಕಿದ್ದಕ್ಕೆ ಈ ಡೇಟಾದಲ್ಲಿ ಏನಾದರೂ ಸಾಕ್ಷಿ ಇದೆಯಾ?”

“ಇಲ್ಲ.”

“ಬರೆಯದ ಆ ಮೂರು ದಿನ?”

“ಆ ದಿನಗಳೂ ಉಳಿದ ದಿನಗಳ ಹಾಗೆಯೇ ಇವೆ.”

“ಹಾಗಾದರೆ ಎಂಟು ಗಂಟೆಗೆ ಈ ಉಬ್ಬು ಯಾಕೆ?”

ಅವರೂ ಅದನ್ನು ನೋಡಿದ್ದರು. ಮೂರು ಉತ್ತರಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಮೂರೂ ಕೇಳಲು ಚೆನ್ನಾಗಿದ್ದವು. ಯಾವುದನ್ನೂ ನಾನು ಪರೀಕ್ಷಿಸಿರಲಿಲ್ಲ. ಅಷ್ಟೂ ಜನ ಕಾಯುತ್ತಿದ್ದರು.

“ಗೊತ್ತಿಲ್ಲ,” ಎಂದೆ.

ಸಮಿತಿಯವರು ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ದಾದಾ ಉಗುರು ಕಚ್ಚುತ್ತಿದ್ದರು, ಅವರನ್ನು ಹಾಗೆ ನಾನು ನೋಡಿರಲಿಲ್ಲ. ಒಳಗಿನಿಂದ ಏರಿದ ದನಿಗಳು ಕೇಳುತ್ತಿದ್ದವು, ಮಾತು ಬಿಡಿಸುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಮ್ಯಾಡಮ್ ಹೊರಗೆ ಬಂದು, “ಒಂದು ವರ್ಷ. ಆ ಉಬ್ಬಿನ ಮೇಲೆ ಕೆಲಸ ಮಾಡಬೇಕು,” ಎಂದರು. ಅವರ ಕೈಯಲ್ಲಿ ಮಡಚಿದ ಒಂದು ಕಾಗದವಿತ್ತು. ಅದನ್ನು ದಾದಾನಿಗೆ ಕೊಟ್ಟರು. ಶುಕ್ರವಾರ ಸಹಿ ಮಾಡಿಕೊಟ್ಟದ್ದು. ದಾದಾ ಅದನ್ನು ಬಿಚ್ಚಿ ನೋಡದೆ ಕಿಸೆಗೆ ಸೇರಿಸಿದರು.

ಹಗುರವಾಗುತ್ತದೆ ಎಂದುಕೊಂಡಿದ್ದೆ. ದಾದಾ ಮೊಬೈಲು ತೆಗೆದು, ಕಿಟಕಿಯ ಹತ್ತಿರ ಹೋಗಿ ಆ ಕಂಪನಿಗೆ ಫೋನು ಮಾಡಿದರು. ವಿನಯದ ಇಂಗ್ಲಿಷಿನಲ್ಲಿ ಮಾತಾಡಿದರು: ಧನ್ಯವಾದ, ಬರಲಾಗುತ್ತಿಲ್ಲ, ಹೌದು, ಯೋಚಿಸಿಯೇ ಹೇಳುತ್ತಿದ್ದೇನೆ. ಆಗ ಹೆದರಿಕೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಈ ಮನುಷ್ಯ ಕೈಗೆ ಬಂದ ಕೆಲಸವನ್ನು ಬಿಡುತ್ತಿರುವುದು ನನ್ನ ಗೆರೆ ತನ್ನ ಚುಕ್ಕೆಗಳ ನಡುವೆ ಹಾದುಹೋಯಿತು ಎಂಬುದಕ್ಕೆ. ಆ ಗೆರೆಯ ಹಿಂದೆ ಇನ್ನೂ ಮೂವತ್ತು ಸಾಲುಗಳಿವೆ. ಅವನ್ನೂ ತುಂಬಿದ್ದು ಅದೇ ಬೆರಳು.

ಅವರು ಫೋನು ಮಡಚಿ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡಿತೋ.

“ಉಳಿದ ಸಾಲುಗಳನ್ನು ನೋಡಿದ್ದೀಯಾ?”

“ಇಲ್ಲ ದಾದಾ. ಎಲ್ಲವನ್ನೂ ಇಲ್ಲ.”

“ನಡಿ.”

ಪ್ರಯೋಗಾಲಯದಲ್ಲಿ ಅವರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ನಾನು ಕಡತ ತೆರೆದೆ. ನಮ್ಮಲ್ಲಿ ಯಾರೂ ಯಾರ ಎದುರೂ ಹಾಗೆ ತೆರೆದದ್ದಿಲ್ಲ, ಕಿವಿ ಬಿಸಿಯಾಯಿತು. ಅವರು ಪರದೆಯ ಮೇಲೆ ಬೆರಳಿಟ್ಟು ಮೊದಲ ಸಾಲನ್ನು ಜೋರಾಗಿ ಓದಿದರು. ಎತ್ತರದ ಕೆಳಮಿತಿ, ಐವತ್ತು ಕಿಲೋಮೀಟರ್.

“ಯಾಕೆ ಐವತ್ತು? ಇದು ಎಲ್ಲಿಂದ ಬಂತು?”

ನೋಡಿ ಹೇಳಲೆಂದು ನಾನು ಮೇಜಿನ ಮೇಲಿದ್ದ ಭೌತಶಾಸ್ತ್ರದ ಪುಸ್ತಕಕ್ಕೆ ಕೈ ಚಾಚಿದೆ.